ಹದಿನೈದು ತಿಂಗಳ ಅಲನ್

ಈ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಕಾರಣಕ್ಕೆ ಈಗ ಹದಿನೈದು ತಿಂಗಳು, ಎಂಟು ಹಲ್ಲು. ಲ್ಯಾಪ್‌ಟಾಪ್ ತೆರೆದರೆ ಸಾಕು, ತೂರಾಡಿಕೊಂಡು ಬಂದು ಕೀಲಿಗಳ ಮೇಲೆ ಎರಡೂ ಕೈ ಬಡಿಯುತ್ತಾನೆ. ಹೋದ ವಾರ ಆಫೀಸಿನ ಚಾಟಿನಲ್ಲಿ ಅವನು ಬರೆದು ಕಳಿಸಿದ ಒಂದು ಸಾಲಿಗೆ ನಮ್ಮ ಮ್ಯಾನೇಜರು ಹೆಬ್ಬೆರಳು ಎತ್ತಿದ್ದರು :) ಹಾಗಾಗಿ ಇದನ್ನು ಅವನು ಮಲಗಿದ ಮೇಲೆ ಬರೆಯುತ್ತಿದ್ದೇನೆ. ಎಷ್ಟು ಹೊತ್ತು ಮಲಗುತ್ತಾನೋ ಗೊತ್ತಿಲ್ಲ, ಅಲ್ಲಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹೆಂಡತಿಯ ರಜೆ ಮುಗಿಯುವ ಹೊತ್ತಿಗೆ ಹೊಸಪೇಟೆಯಿಂದ ಅಮ್ಮ ಬಂದರು. ವಿಸಿಟರ್ ವೀಸಾ ಅಂದರೆ ಆರು ತಿಂಗಳು, ಅದರಲ್ಲಿ ಐದೂವರೆ ಕಳೆದಿದೆ. ಹೋದ ತಿಂಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಾನೂ ಅವಳೂ ಮುಂದೇನು ಅಂತ ಲೆಕ್ಕ ಹಾಕುತ್ತಿದ್ದೆವು. ನರ್ಸರಿಗೆ ಇಷ್ಟು, ಬಾಡಿಗೆಗೆ ಇಷ್ಟು, ಊರಿನ ಸಾಲಕ್ಕೆ ಇಷ್ಟು. ಅಮ್ಮ ಕೇಳಿಸಿಕೊಂಡು ಕೂತಿದ್ದವರು, "ಇಬ್ರೂ ಯಾಕ ಹಿಂಗ ಒದ್ದಾಡ್ತೀರಿ? ಕೂಸನ್ನ ನನ್ ಜೊತಿ ಕಳಿಸಿಬಿಡ್ರಿ. ಎರಡು ವರ್ಷ ನಾವು ನೋಡ್ಕೊಂತೀವಿ. ಸಾಲಿಗೆ ಹಾಕೋ ಹೊತ್ತಿಗೆ ಕರ್ಕೊಂಡು ಬರೀರಂತೆ" ಅಂದರು.

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಹಾಯೆನಿಸಿತು. ಇದು ಹೊಸ ಮಾತೇನೂ ಅಲ್ಲವಲ್ಲ. ನಮ್ಮದೇ ಬೀದಿಯ ಒಂದು ತೆಲುಗು ಕುಟುಂಬದ ಮಗಳು ಗುಂಟೂರಿನಲ್ಲಿ ಬೆಳೆಯುತ್ತಿದ್ದಾಳೆ. ನನ್ನ ಹಳೆಯ ರೂಮ್‌ಮೇಟ್‌ನ ಮಗ ಎರಡು ವರ್ಷದಿಂದ ಧಾರವಾಡದಲ್ಲಿ ಅಜ್ಜ ಅಜ್ಜಿಯ ಜೊತೆಗಿದ್ದಾನೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರ ಮನೆಯಲ್ಲಿ ಈ ಮಾತು ಬಂದಿರುತ್ತದೆ. ಎಲ್ಲರೂ ಮಾಡುತ್ತಾರೆ, ಅಜ್ಜಿಗಿಂತ ಚೆನ್ನಾಗಿ ನೋಡಿಕೊಳ್ಳುವವರು ಯಾರಿದ್ದಾರೆ... ಹೀಗೆ ನನಗೆ ನಾನೇ ಹೇಳಿಕೊಂಡು ಮಲಗಿದೆ.

ನಿದ್ದೆ ಬರಲಿಲ್ಲ. ಬರದಿದ್ದುದಕ್ಕೆ ಕಾರಣ ಅಲನ್ ಟ್ಯೂರಿಂಗ್. ನಗಬೇಡಿ, ಹೇಳುತ್ತೇನೆ.

ನಮ್ಮಂಥ ಇಂಜಿನಿಯರಿಂಗ್ ಓದಿದವರಿಗೆ ಟ್ಯೂರಿಂಗ್ ಅಂದರೆ ಮೂರನೇ ವರ್ಷದ ಒಂದು ಥಿಯರಿ ಪೇಪರು. ಉದ್ದನೆಯ ಟೇಪು, ಅದರ ಮೇಲೆ ಓಡಾಡುವ ಒಂದು ತಲೆ, ಹತ್ತು ಅಂಕದ ಪ್ರಶ್ನೆ ಗ್ಯಾರಂಟಿ. 1936ರಲ್ಲಿ ಕಾಗದದ ಮೇಲೆ ಆ ಯಂತ್ರವನ್ನು ಕಲ್ಪಿಸಿದವನು, ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತ ಒಡೆದವರಲ್ಲಿ ಮುಖ್ಯನಾದವನು. 2021ರ ಜೂನ್ 23ರಿಂದ ಇಲ್ಲಿನ ಐವತ್ತು ಪೌಂಡಿನ ನೋಟಿನ ಮೇಲೂ ಅವನೇ. ಇಷ್ಟು ಎಲ್ಲರಿಗೂ ಗೊತ್ತು. ಆಂಡ್ರೂ ಹಾಜಸ್ 1983ರಲ್ಲಿ ಬರೆದ ಅವನ ದಪ್ಪ ಜೀವನಚರಿತ್ರೆಯ ಹಳೆಯ ಪ್ರತಿಯೊಂದು ನನ್ನ ಹತ್ತಿರ ಇದೆ. ಮಗ ಹುಟ್ಟಿದ ಮೇಲೆ ರಾತ್ರಿ ಹಾಲಿನ ಬಾಟಲಿ ಹಿಡಿದು ಕೂತಾಗ ಒಂದೊಂದೇ ಪುಟ ಓದುತ್ತಿದ್ದೆ. ಗಣಿತ ಓದೋಣ ಅಂತ ತೆರೆದವನು ಮೊದಲ ಅಧ್ಯಾಯದಲ್ಲೇ ಸಿಕ್ಕಿಬಿದ್ದೆ. ಯಾಕೆಂದರೆ ಅಲ್ಲಿ ನಮ್ಮ ಬಳ್ಳಾರಿ ಇತ್ತು!

ಅಲನ್‌ನ ಅಪ್ಪ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿ. 1896ರಲ್ಲಿ ಮದರಾಸಿಗೆ ಬಂದಿಳಿದ. ಮೊದಲ ಹತ್ತು ವರ್ಷ ಕೆಲಸ ಮಾಡಿದ್ದು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಬೇಸಾಯ, ನೀರಾವರಿ, ನೈರ್ಮಲ್ಯ, ಸಿಡುಬಿನ ಚುಚ್ಚುಮದ್ದು ಇವುಗಳ ವರದಿ ಬರೆಯುವುದು, ಲೆಕ್ಕಪತ್ರ ತನಿಖೆ ಮಾಡುವುದು ಅವನ ಕೆಲಸ. ಕಲಿತ ಭಾಷೆಗಳು ತೆಲುಗು ಮತ್ತು ತಮಿಳು. ಬಳ್ಳಾರಿಯಲ್ಲಿದ್ದೂ ನಮ್ಮ ಭಾಷೆಯ ಹೆಸರು ಪಟ್ಟಿಯಲ್ಲಿಲ್ಲ! ಇರಲಿ, ಇವತ್ತಿನ ಬೆಂಗಳೂರಿನವರನ್ನೇ ಏನೂ ಅನ್ನಲಾಗುವುದಿಲ್ಲ, ನೂರು ವರ್ಷದ ಹಿಂದಿನವನನ್ನು ಏನನ್ನೋದು.

ಅಮ್ಮನ ಕಡೆಯ ಕತೆ ಇನ್ನೂ ಹತ್ತಿರದ್ದು. ಆಕೆ ಎಥೆಲ್ ಸಾರಾ ಸ್ಟೋನಿ. ಹುಟ್ಟಿದ್ದು 1881ರಲ್ಲಿ, ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ಆಕೆಯ ಅಪ್ಪ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರ್ ಆಗಿದ್ದವನು, ತುಂಗಭದ್ರಾ ಸೇತುವೆಯಂಥ ಕೆಲಸಗಳಿಂದ ದೊಡ್ಡ ದುಡ್ಡು ಮಾಡಿದವನು. ಪಂಖಾ ಎಳೆಯುವಾಗ ಕಿರ್ ಕಿರ್ ಅನ್ನದಂತೆ ಸದ್ದಿಲ್ಲದ ಒಂದು ಪಂಖಾ ಗಾಲಿಯನ್ನೂ ಕಂಡುಹಿಡಿದು ಪೇಟೆಂಟ್ ಮಾಡಿಸಿದ್ದ. ಎಳೆಯುವವನ ಕೈ ನೋವಿಗೆ ಏನೂ ಕಂಡುಹಿಡಿಯಲಿಲ್ಲ, ಸದ್ದಿಗೆ ಮಾತ್ರ. ತುಂಗಭದ್ರೆಯ ನೀರು ಕುಡಿದು ಬೆಳೆದ ನಾನು ನೋಟಿನ ಮೇಲಿನ ಮನುಷ್ಯನ ಅಜ್ಜ ಅದೇ ಹೊಳೆಗೆ ಸೇತುವೆ ಕಟ್ಟಿದವನು ಅಂತ ಓದಿದಾಗ ರಾತ್ರಿ ಎರಡು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ಹೇಳಿದ್ದೆ. ಬೈಸಿಕೊಂಡೆ.

ಈ ಸಾರಾಳನ್ನು ಚಿಕ್ಕವಳಿದ್ದಾಗಲೇ ಒಡಹುಟ್ಟಿದವರ ಜೊತೆ ಐರ್ಲೆಂಡಿಗೆ ಕಳಿಸಿದರು. ಕ್ಲೇರ್ ಕೌಂಟಿಯಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಚಿಕ್ಕಪ್ಪನೋ ಮಾವನೋ ಆಗಬೇಕಾದ ಒಬ್ಬರ ಮನೆ (ಇಂಗ್ಲಿಷಿನವರಿಗೆ ಎಲ್ಲಾ ಒಂದೇ ಪದ, ನಾವು ತಲೆ ಕೆಡಿಸಿಕೊಳ್ಳಬೇಕು). ಎರಡು ಮದುವೆಯ ಆರು ಮಕ್ಕಳಿದ್ದ ಆ ಮನೆಯಲ್ಲಿ ಇವರೂ ಸೇರಿಕೊಂಡರು. ಅಷ್ಟು ಮಕ್ಕಳ ನಡುವೆ ಪ್ರೀತಿ ಯಾರ ಪಾಲಿಗೆ ಎಷ್ಟು ಬರುತ್ತದೆ ಹೇಳಿ. ಓದು ಮುಗಿಸಿ 1900ರಲ್ಲಿ ಕೂನೂರಿನ ಅಪ್ಪ ಅಮ್ಮನ ಮನೆಗೆ ಮರಳಿದಾಗ ಆಕೆಗೆ ಹೆಚ್ಚುಕಡಿಮೆ ಹತ್ತೊಂಬತ್ತು ವರ್ಷ. 1907ರಲ್ಲಿ ಊರಿಗೆ ಹೊರಟ ಇವಳೂ ರಜೆಗೆ ಹೊರಟ ಜೂಲಿಯಸ್ಸೂ ಪೆಸಿಫಿಕ್ ದಾಟುವ ಹಡಗಿನಲ್ಲಿ ಪರಿಚಯವಾಗಿ, ಅದೇ ವರ್ಷ ಡಬ್ಲಿನ್‌ನಲ್ಲಿ ಮದುವೆಯಾದರು. ಮೊದಲ ಮಗ ಜಾನ್ 1908ರಲ್ಲಿ ಕೂನೂರಿನಲ್ಲೇ ಹುಟ್ಟಿದ. ಅಪ್ಪ ಒಡಿಶಾ ಕರಾವಳಿಯ ಛತ್ರಪುರದಲ್ಲಿ ಕೆಲಸದಲ್ಲಿದ್ದಾಗ ಎರಡನೆಯ ಸಲ ಬಸುರಿಯಾದಳು, ರಜೆ ಹಾಕಿ ಎಲ್ಲರೂ ಲಂಡನ್ನಿಗೆ ಬಂದರು. 1912ರ ಜೂನ್ 23ರಂದು ಅಲನ್ ಹುಟ್ಟಿದ.

1913ರ ಮಾರ್ಚಿನಲ್ಲಿ ಅಪ್ಪ ಭಾರತಕ್ಕೆ ಹಡಗು ಹತ್ತಿದ. ಸೆಪ್ಟೆಂಬರಿನಲ್ಲಿ ಅಮ್ಮನೂ ಹೊರಟಳು. ಅಲನ್‌ನನ್ನು ಜೊತೆಗೆ ಕರೆದೊಯ್ಯುವ ಆಲೋಚನೆ ಮೊದಲು ಇತ್ತಂತೆ. ಮಗುವಿಗೆ ಸ್ವಲ್ಪ ಮೂಳೆಯ ತೊಂದರೆ, ಮದರಾಸಿನ ಬಿಸಿಲು ಆಗಿಬರಲಿಕ್ಕಿಲ್ಲ ಅಂತ ಬಿಟ್ಟರು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೇಂಟ್ ಲೆನರ್ಡ್ಸ್ ಎಂಬ ಊರಿನಲ್ಲಿ ಸೈನ್ಯದಿಂದ ನಿವೃತ್ತನಾದ ಕರ್ನಲ್ ವಾರ್ಡ್ ಮತ್ತು ಅವನ ಹೆಂಡತಿಯ ಮನೆಯಲ್ಲಿ ಜಾನ್ ಮತ್ತು ಅಲನ್ ಇಬ್ಬರನ್ನೂ ಇಟ್ಟು ಹೊರಟಳು. ಜಾನ್‌ಗೆ ಐದು ವರ್ಷ. ಅಲನ್‌ಗೆ ಹದಿನೈದು ತಿಂಗಳು.

ನನ್ನ ಮಗನಿಗೂ ಹದಿನೈದು ತಿಂಗಳು. ಅದಕ್ಕೇ ನಿದ್ದೆ ಬರಲಿಲ್ಲ.

ಇಷ್ಟು ಓದಿದ ಮೇಲೆ ಅವರನ್ನು ಕಲ್ಲೆದೆಯವರು ಅನ್ನುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಆ ಕಾಲದ ಬೇರೆ ಕುಟುಂಬಗಳ ಕತೆ ಹುಡುಕಿ ಓದಿದಂತೆಲ್ಲ ಗೊತ್ತಾಗಿದ್ದು ಅವರು ವಿಶೇಷವಾಗಿ ಏನೂ ಮಾಡಿರಲಿಲ್ಲ ಅನ್ನೋದು. ಭಾರತದಲ್ಲಿದ್ದ, ಕೈಯಲ್ಲಿ ಕಾಸಿದ್ದ ಬ್ರಿಟಿಷರ ಮನೆಗಳಲ್ಲಿ ಅದೊಂದು ಪದ್ಧತಿ. ಮಗುವಿಗೆ ಐದೋ ಆರೋ ಆಗುತ್ತಿದ್ದಂತೆ 'ಮನೆ'ಗೆ ಕಳಿಸುವುದು. ಆ ಮನೆಯನ್ನು ಮಗು ಕಂಡೇ ಇರುತ್ತಿರಲಿಲ್ಲ, ಆದರೂ ಅದು ಮನೆ. ಕಾದಂಬರಿಕಾರ ಥ್ಯಾಕರೆ 1811ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವನು. ಅಪ್ಪ ಸತ್ತ ಮೇಲೆ, ಐದು ವರ್ಷದವನನ್ನು ಅಮ್ಮ ಹಡಗು ಹತ್ತಿಸಿದಳು. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಹಡಗು ನಿಂತಾಗ ಜೊತೆಗಿದ್ದ ಸೇವಕ ತೋಟದಲ್ಲಿ ಅಡ್ಡಾಡುತ್ತಿದ್ದ ಒಬ್ಬನನ್ನು ತೋರಿಸಿ, ಇವನು ದಿನಕ್ಕೆ ಮೂರು ಕುರಿ ತಿನ್ನುತ್ತಾನೆ, ಕೈಗೆ ಸಿಕ್ಕಷ್ಟು ಮಕ್ಕಳನ್ನೂ ತಿನ್ನುತ್ತಾನೆ ಅಂದನಂತೆ. ಅವನು ನೆಪೋಲಿಯನ್! ಆಗಿನ್ನೂ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಪ್ರಯಾಣ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗಿನಲ್ಲಿ ಮೂರು ನಾಲ್ಕು ವಾರಕ್ಕೆ ಇಳಿಯಿತು. ಪ್ರಯಾಣ ಸುಲಭವಾಯಿತು ಅಂತ ಮಕ್ಕಳನ್ನು ಕಳಿಸುವುದು ನಿಂತಿತಾ? ಇಲ್ಲ, ಕಳಿಸುವುದೂ ಸುಲಭವಾಯಿತು ಅಷ್ಟೆ.

ಕೊಡುತ್ತಿದ್ದ ಕಾರಣ ಹವೆ. ಕಾಲರಾ, ಮಲೇರಿಯಾ, ಬಿಸಿಲು. ಅದರಲ್ಲಿ ಸುಳ್ಳಿಲ್ಲ, ಅವರ ಹಳೆಯ ಸ್ಮಶಾನಗಳಲ್ಲಿ ಪುಟ್ಟ ಪುಟ್ಟ ಗೋರಿಗಳು ಎಷ್ಟಿವೆ ನೋಡಿದವರಿಗೆ ಗೊತ್ತು. ಆದರೆ ಅಷ್ಟೇ ಆಗಿದ್ದರೆ ಬೆಟ್ಟದ ಮೇಲಿನ ಊರುಗಳು ಸಾಕಾಗಿತ್ತು. ಉದಕಮಂಡಲದ ಪಕ್ಕ ಲವ್‌ಡೇಲ್‌ನ ಲಾರೆನ್ಸ್ ಶಾಲೆ 1858ರಷ್ಟು ಹಳೆಯದು, ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ 1865ರದ್ದು. ತಂಪು ಹವೆ, ಇಂಗ್ಲಿಷ್ ಮೇಷ್ಟರು, ಎಲ್ಲ ಇತ್ತು. ಆದರೂ ದುಡ್ಡಿದ್ದವರು ಕಡಲಾಚೆಗೇ ಕಳಿಸಿದರು. ಹವೆಯ ಹಿಂದೆ ಇನ್ನೊಂದು ಭಯ ಇತ್ತು. ಮಗು ಇಲ್ಲಿಯದಾಗಿಬಿಡುತ್ತದೆ ಎಂಬ ಭಯ. ಭಾರತದಲ್ಲಿ ಬೆಳೆದ ಮಕ್ಕಳ ಇಂಗ್ಲಿಷಿಗೆ ಒಂದು ರಾಗ ಬರುತ್ತದೆ ಅಂತ ಅದಕ್ಕೆ 'ಚೀ-ಚೀ' ಅಂತ ಹೆಸರಿಟ್ಟು ಆಡಿಕೊಳ್ಳುತ್ತಿದ್ದರು. ಆ ರಾಗ ಹತ್ತಿದರೆ ಮುಂದೆ ಒಳ್ಳೆಯ ಕೆಲಸವಿಲ್ಲ, ಒಳ್ಳೆಯ ಸಂಬಂಧವಿಲ್ಲ. ಇಲ್ಲಿ ಓದಿ ಬೆಳೆದವನು ಕಚೇರಿಯ ಗುಮಾಸ್ತನಾಗುತ್ತಾನೆ, ಅಲ್ಲಿ ಓದಿ ಬಂದವನು ಕಲೆಕ್ಟರ್ ಆಗುತ್ತಾನೆ. ಮಗನ ಭವಿಷ್ಯಕ್ಕಾಗಿ ಅನ್ನುವ ಮಾತು ಅವರ ಬಾಯಲ್ಲೂ ಇತ್ತು ಅಂತಾಯಿತು.

ಭಾಷೆಯ ಮಾತು ಬಂತಲ್ಲ, ಕಿಪ್ಲಿಂಗ್‌ನ ಕತೆ ಹೇಳದೆ ಮುಂದೆ ಹೋಗಲಾರೆ. ಅವನು 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದವನು. ಆಯಾ ಮತ್ತು ಕೆಲಸದವರ ಜೊತೆ ಬೆಳೆದು, ಯೋಚಿಸುತ್ತಿದ್ದದ್ದು ಕನಸು ಕಾಣುತ್ತಿದ್ದದ್ದು ಎಲ್ಲಾ ಅವರ ಭಾಷೆಯಲ್ಲೇ. ಸಂಜೆ ಅಪ್ಪ ಅಮ್ಮನ ಹತ್ತಿರ ಕಳಿಸುವಾಗ ಈಗ ಇಂಗ್ಲಿಷ್ ಮಾತಾಡಬೇಕು ಅಂತ ಆಯಾ ಎಚ್ಚರಿಸಿ ಕಳಿಸಬೇಕಿತ್ತು. 1871ರಲ್ಲಿ, ಇನ್ನೂ ಆರು ತುಂಬದ ಅವನನ್ನೂ ಮೂರು ವರ್ಷದ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಹಾಲೊವೇ ಎಂಬುವರ ಮನೆಯಲ್ಲಿ ದುಡ್ಡು ಕೊಟ್ಟು ಬಿಟ್ಟರು. ಗುರುತು ಪರಿಚಯದವರಲ್ಲ, ಪತ್ರಿಕೆಯ ಜಾಹೀರಾತು ನೋಡಿ ಹುಡುಕಿದ ಮನೆ. ಹೋಗುತ್ತೇವೆ ಅಂತ ಮಕ್ಕಳಿಗೆ ಹೇಳದೆಯೇ ಹೋದರು. ಆ ಮನೆಯೊಡತಿ ಹೊಡೆತ, ಬೈಗುಳ, ನರಕದ ಹೆದರಿಕೆ ಎಲ್ಲದರಲ್ಲೂ ಧಾರಾಳಿ. ಐದು ವರ್ಷಕ್ಕೂ ಮೇಲೆ, 1877ರಲ್ಲಿ ಅಮ್ಮ ಬಂದಳು. ರಾತ್ರಿ ಮುತ್ತು ಕೊಡಲು ಹಾಸಿಗೆಯ ಹತ್ತಿರ ಬಗ್ಗಿದರೆ, ಹುಡುಗ ಏಟು ಬೀಳುತ್ತದೆ ಅಂತ ಕೈ ಅಡ್ಡ ಹಿಡಿದನಂತೆ. ಇದನ್ನು ಅವನು ಮುದುಕನಾದ ಮೇಲೆ ಬರೆದ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ, ಅಮ್ಮನೇ ತನಗೆ ಹೇಳಿದ್ದು ಅಂತ. ಸಾಮ್ರಾಜ್ಯದ ಬಗ್ಗೆ ಕಿಪ್ಲಿಂಗ್ ಬರೆದದ್ದರಲ್ಲಿ ನನಗೆ ಆಗಿಬರದ್ದು ಬೇಕಾದಷ್ಟಿದೆ. ಆ ಅಡ್ಡ ಹಿಡಿದ ಕೈಯೊಂದನ್ನು ಮಾತ್ರ ಮರೆಯಲಾಗುತ್ತಿಲ್ಲ.

ಈ ಕತೆಗಳಲ್ಲೆಲ್ಲ ಒಂದು ಮೂಲೆಯಲ್ಲಿ ಆಯಾ ನಿಂತಿರುತ್ತಾಳೆ. ಮಕ್ಕಳನ್ನು ಹಡಗಿನಲ್ಲಿ ನೋಡಿಕೊಳ್ಳಲು ಎಷ್ಟೋ ಕುಟುಂಬಗಳು ಆಯಾಗಳನ್ನು ಕರೆದುಕೊಂಡು ಬರುತ್ತಿದ್ದವು. ದಡ ಮುಟ್ಟಿದ ಮೇಲೆ ಕೆಲವರು ಹಿಂದಿರುಗುವ ಟಿಕೆಟ್ಟೂ ಕೊಡದೆ ಅಲ್ಲೇ ಕೈಬಿಡುತ್ತಿದ್ದರು. ಅಂಥವರಿಗೆಂದೇ ಲಂಡನ್ನಿನಲ್ಲಿ ಒಂದು ಆಯಾಗಳ ಮನೆ ಇತ್ತು. 1900ರಲ್ಲಿ ಅದು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ನಂಬರಿಗೆ ಬಂತು, 2022ರಲ್ಲಿ ಆ ಕಟ್ಟಡಕ್ಕೆ ನೀಲಿ ಫಲಕ ಹಾಕಿದರು. ಭಾರತಕ್ಕೆ ಹೊರಟ ಇನ್ಯಾವುದೋ ಕುಟುಂಬ ಬಂದು, ನಮ್ಮ ಮಗುವನ್ನು ನೋಡಿಕೊಂಡು ಬಾ ಅಂತ ಕರೆದರೆ ಊರಿನ ದಾರಿ. ಇಲ್ಲದಿದ್ದರೆ ಕಾಯುವುದು. ಆ ಹೆಂಗಸರಲ್ಲಿ ಎಷ್ಟು ಜನ ತಮ್ಮ ಮಕ್ಕಳನ್ನು ಊರಲ್ಲಿ ಯಾರದೋ ಕೈಗೆ ಕೊಟ್ಟು ಬಂದಿದ್ದರೋ. ಕಿಪ್ಲಿಂಗ್ ಮಕ್ಕಳು ಆತ್ಮಕತೆ ಬರೆದರು. ಆಯಾಗಳ ಮಕ್ಕಳು ಬರೆಯಲಿಲ್ಲ.

ಮತ್ತೆ ಅಲನ್ ಹತ್ತಿರ ಬರೋಣ. ಹೋದ ಶನಿವಾರ ಬಿಸಿಲಿತ್ತು (ಇಲ್ಲಿ ಅದು ಸುದ್ದಿ). ಎಲ್ಲರೂ ಸೇರಿ ಸೇಂಟ್ ಲೆನರ್ಡ್ಸ್‌ಗೆ ಹೋಗಿಬಂದೆವು. ಅಮ್ಮನಿಗೆ ಸಮುದ್ರ ತೋರಿಸುವುದು ಅಂತ ನೆಪ. ಲಂಡನ್ನಿಗೆ ಹೋಗಿ ಅಲ್ಲಿಂದ ಇನ್ನೊಂದು ರೈಲು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ಅಮ್ಮ ಕೂಸಿನ ಗಾಡಿ ತಳ್ಳಿದರು. ಸಮುದ್ರದ ದಂಡೆಯಿಂದ ಮೇಝ್ ಹಿಲ್ ಅನ್ನುವ ರಸ್ತೆ ಏರು ಹತ್ತುತ್ತದೆ. ಮೇಲೆ ಬಾಸ್ಟನ್ ಲಾಡ್ಜ್ ಅಂತ ಮನೆ. 2012ರ ಜೂನ್ 23ಕ್ಕೆ, ಹುಟ್ಟಿ ನೂರು ವರ್ಷವಾದ ದಿನ, ಗೋಡೆಗೆ ನೀಲಿ ಫಲಕ ಹಾಕಿದ್ದಾರೆ. ಈಗ ಯಾರೋ ವಾಸವಿರುವ ಮನೆ, ಒಳಗೆ ಹೋಗುವಂತಿಲ್ಲ. ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು ಮನೆಯಿಂದ ಕಟ್ಟಿ ತಂದ ಚಿತ್ರಾನ್ನ ತಿಂದೆವು. ತಿನ್ನುತ್ತಾ ಅಮ್ಮನಿಗೆ ಕತೆ ಹೇಳಿದೆ.

ವಾರ್ಡ್ ದಂಪತಿ ಹಾಲೊವೇಯಂಥವರಲ್ಲ. ಶಿಸ್ತಿನ ಮನೆ, ಆದರೆ ಕ್ರೂರಿಗಳಲ್ಲ. ಅವರಿಗೇ ನಾಲ್ಕು ಹೆಣ್ಣುಮಕ್ಕಳಿದ್ದರು. ವಾರ್ಡ್ ಹೆಂಡತಿಯನ್ನು ಹುಡುಗರು ಅಜ್ಜಿ ಅಂತಲೇ ಕರೆಯುತ್ತಿದ್ದರು. ಅಲನ್ ಮೂರು ವಾರದಲ್ಲಿ ತಾನಾಗಿಯೇ ಓದಲು ಕಲಿತನಂತೆ. ಅಂಕಿಗಳನ್ನು ಅದಕ್ಕಿಂತ ಬೇಗ ಕಲಿತಿದ್ದ, ರಸ್ತೆಯಲ್ಲಿ ಪ್ರತಿಯೊಂದು ದೀಪದ ಕಂಬಕ್ಕೂ ನಿಂತು ಅದರ ನಂಬರ್ ಓದದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಎಡ ಬಲ ಮಾತ್ರ ಗೊತ್ತಾಗುತ್ತಿರಲಿಲ್ಲ. ಎಡ ಹೆಬ್ಬೆರಳಿಗೆ ಕೆಂಪು ಚುಕ್ಕೆ ಇಟ್ಟುಕೊಂಡು ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದ. ಎದುರುಮನೆಯಲ್ಲಿ ಕಾದಂಬರಿಕಾರ ರೈಡರ್ ಹ್ಯಾಗರ್ಡ್ ಇದ್ದ, ಅವನ ಹೆಂಡತಿಯ ವಜ್ರ ನೀಲಮಣಿಯ ಉಂಗುರ ಕಳೆದಾಗ ಚರಂಡಿಯಲ್ಲಿ ಹುಡುಕಿ ಕೊಟ್ಟು ಎರಡು ಶಿಲಿಂಗ್ ಇನಾಮು ಪಡೆದವನು ನಮ್ಮ ಅಲನ್. ಅಮ್ಮ, "ಎರಡೇನಾ? ಜುಗ್ಗರು" ಅಂದರು.

ಇನ್ನೊಂದು ಸಂಗತಿ. ಮೂರು ವರ್ಷದವನಿದ್ದಾಗ ಅವನ ಮರದ ನಾವಿಕ ಗೊಂಬೆ ಮುರಿಯಿತು. ಕೈಕಾಲುಗಳನ್ನು ತೆಗೆದುಕೊಂಡು ಹೋಗಿ ತೋಟದಲ್ಲಿ ನೆಟ್ಟ. ಮೊಳಕೆ ಬಂದು ಹೊಸ ಗೊಂಬೆ ಆಗುತ್ತವೆ ಅಂತ.

ಅಪ್ಪ ಅಮ್ಮ ಪೂರ್ತಿ ಬಿಟ್ಟುಹೋದರು ಅಂತ ತಿಳಿಯಬೇಡಿ. ಸಾರಾ 1915ರಲ್ಲಿ ಬಂದು ಕೆಲವು ತಿಂಗಳು ಮಕ್ಕಳ ಜೊತೆಗಿದ್ದು ಮತ್ತೆ ಹೋದಳು. 1916ರಲ್ಲಿ ಗಂಡ ಹೆಂಡತಿ ಇಬ್ಬರೂ ಬಂದರು. ಮೊದಲ ಮಹಾಯುದ್ಧದ ಕಾಲ, ಜರ್ಮನ್ ಜಲಾಂತರ್ಗಾಮಿಗಳ ಹೆದರಿಕೆಗೆ ಸೂಯೆಜ್‌ನಿಂದ ಸೌತಾಂಪ್ಟನ್‌ವರೆಗೂ ತೇಲುವ ಜಾಕೆಟ್ಟು ಬಿಚ್ಚದೆ ಬಂದರಂತೆ, ಮಕ್ಕಳನ್ನು ನೋಡಲು. ಆ ಸಲ ಗಂಡ ಒಬ್ಬನೇ ಹಿಂದಿರುಗಿದ. ಯುದ್ಧ ಮುಗಿಯುವವರೆಗೆ ಆಕೆ ಸೇಂಟ್ ಲೆನರ್ಡ್ಸ್‌ನಲ್ಲೇ ಉಳಿದಳು. ಅಲನ್‌ಗೆ ಅಮ್ಮ ಸಿಕ್ಕ ವರ್ಷಗಳು ಅವು, ಯುದ್ಧದ ಪುಣ್ಯ! 1919ರ ಡಿಸೆಂಬರಿನಲ್ಲಿ ಮತ್ತೆ ಹೊರಟಳು. 1921ರಲ್ಲಿ ಮರಳಿ ಬಂದು ನೋಡಿದರೆ, ಬಿಟ್ಟುಹೋಗುವಾಗ ಎಲ್ಲರನ್ನೂ ಮಾತಾಡಿಸಿಕೊಂಡು ಪುಟಿಯುತ್ತಿದ್ದ ಹುಡುಗ ಯಾರ ಜೊತೆಗೂ ಸೇರದೆ ತನ್ನಷ್ಟಕ್ಕೆ ತಾನು ಎಲ್ಲೋ ನೋಡುತ್ತಾ ಕೂರುವವನಾಗಿದ್ದ. ಒಂಬತ್ತು ವರ್ಷವಾದರೂ ದೊಡ್ಡ ಭಾಗಾಕಾರ ಬರುತ್ತಿರಲಿಲ್ಲ. ಮುಂದೆ ಗಣಿತದ ಬುಡವನ್ನೇ ಅಲ್ಲಾಡಿಸುವವನಿಗೆ! ಆಕೆ ಗಾಬರಿಯಾಗಿ ಶಾಲೆ ಬಿಡಿಸಿ, ತಾನೇ ಕೂತು ಭಾಗಾಕಾರ ಕಲಿಸಿದಳು.

1922ರಲ್ಲಿ ಹೇಝಲ್‌ಹರ್ಸ್ಟ್ ಎಂಬ ವಸತಿ ಶಾಲೆಗೆ ಸೇರಿಸಿ ಮತ್ತೆ ಭಾರತಕ್ಕೆ. ಶಾಲೆಯಿಂದ ಇವರ ಟ್ಯಾಕ್ಸಿ ಹೊರಟಾಗ ಹುಡುಗ ಎರಡೂ ಕೈ ಅಗಲಿಸಿಕೊಂಡು ಹಿಂದೆ ಓಡಿ ಬಂದ. ಇದನ್ನು ಬರೆದಿಟ್ಟವಳೂ ಸಾರಾಳೇ. 1954ರ ಜೂನ್ 7ರಂದು ಅಲನ್ ತೀರಿಕೊಂಡ, ನಲವತ್ತೆರಡು ತುಂಬುವ ಮೊದಲೇ. ಆ ಕೊನೆಯ ವರ್ಷಗಳ ಅನ್ಯಾಯದ ಕತೆ ಬೇರೆ, ಇಲ್ಲಿ ಬೇಡ. ಮಗ ಸತ್ತ ಮೇಲೆ ಎಪ್ಪತ್ತರ ಹರೆಯದ ಈ ಅಮ್ಮ ಅವನ ಮೊದಲ ಜೀವನಚರಿತ್ರೆ ಬರೆದಳು, 1959ರಲ್ಲಿ ಪ್ರಕಟವಾಯಿತು. ಮಗ ಶಾಲೆಯಿಂದ ಬರೆದ ಪತ್ರಗಳನ್ನೆಲ್ಲ ಕಾಪಾಡಿಕೊಂಡಿದ್ದಳು. 1923ರ ಒಂದು ಪತ್ರದಲ್ಲಿ ಹತ್ತು ವರ್ಷದ ಅಲನ್ ತಾನೇ ಒಂದು ಫೌಂಟನ್ ಪೆನ್ ಕಂಡುಹಿಡಿದು ಅದರಲ್ಲೇ ಬರೆಯುತ್ತಿದ್ದೇನೆ ಅಂತ ಹೇಳಿಕೊಂಡಿದ್ದಾನೆ. ಮಗನ ಬಾಲ್ಯದ ಎಷ್ಟೋ ಭಾಗ ಆಕೆಗೆ ಬಂದದ್ದು ಅಂಚೆಯಲ್ಲಿ.

ನನಗೆ ಅರ್ಥವಾಗದೆ ಕಾಡಿದ್ದು ಒಂದೇ. ತಾನೇ ಪರರ ಮನೆಯಲ್ಲಿ ಬೆಳೆದವಳು, ಅದರ ರುಚಿ ಗೊತ್ತಿದ್ದವಳು, ತನ್ನ ಮಕ್ಕಳನ್ನು ಹೇಗೆ ಬಿಟ್ಟಳು? ಚಿತ್ರಾನ್ನದ ಡಬ್ಬಿ ಮುಚ್ಚುತ್ತಾ ಅಮ್ಮನನ್ನೇ ಕೇಳಿದೆ. ಕೇಳಿದ ಮೇಲೆ ಹೊಳೆಯಿತು, ಯಾರನ್ನು ಕೇಳುತ್ತಿದ್ದೇನೆ ಅಂತ.

ಯಾಕೆಂದರೆ ನಾನೂ ಹಾಗೇ ಬೆಳೆದವನು. ಅಪ್ಪನ ಕೆಲಸ ಒಂದೂರಲ್ಲಿ, ಅಮ್ಮ ಇನ್ನೊಂದು ತಾಲೂಕಿನ ಹಳ್ಳಿಯಲ್ಲಿ ಟೀಚರು. ಒಂದೂವರೆ ವರ್ಷದಿಂದ ಐದು ವರ್ಷದವರೆಗೆ ನಾನಿದ್ದದ್ದು ಕಂಪ್ಲಿಯಲ್ಲಿ, ಅಜ್ಜಿಯ ಹತ್ತಿರ. ನನಗೆ ಅದು ದುಃಖದ ಕತೆಯೇ ಅಲ್ಲ. ಹೊಳೆ, ಬಾಳೆತೋಟ, ಅಜ್ಜಿಯ ಮಡಿಲು, ಕೇಳಿದಾಗೆಲ್ಲ ಬೆಲ್ಲ. ನನ್ನನ್ನು ಯಾರೂ ಬಿಟ್ಟುಹೋದರು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಅಮ್ಮ ಸ್ವಲ್ಪ ಹೊತ್ತು ಸಮುದ್ರ ನೋಡುತ್ತಾ ಕೂತರು. ಆಮೇಲೆ, "ಬಿಡೋದು ಅಂತ ಯಾರು ಅಂದ್ಕೊಂತಾರ? ಎಲ್ರೂ ಹಂಗ ಮಾಡ್ತಿದ್ರು, ನಾವೂ ಮಾಡಿದ್ವಿ. ಕುಂತು ವಿಚಾರ ಮಾಡಿದ್ದಂತೂ ಇಲ್ಲ" ಅಂದರು. ಕೂಸಿನ ಟೋಪಿ ಸರಿಮಾಡಿದರು. "ಶನಿವಾರ ಸಂಜಿ ಬಸ್ಸಿಗೆ ಬರ್ತಿದ್ದೆ. ಭಾನುವಾರ ನೀ ಮಲಗಿದ ಮ್ಯಾಲೆ ಹೋಗ್ತಿದ್ದೆ. ಎಚ್ಚರ ಇದ್ರ ಬಿಡ್ತಿದ್ದಿಲ್ಲ ನೀನು. ಆಮ್ಯಾಲ ಒಂದು ಸಲ ಪರೀಕ್ಷೆ ಕೆಲಸ ಬಂತು, ಎರಡು ತಿಂಗಳು ಬರಾಕ ಆಗ್ಲಿಲ್ಲ. ಬಂದು ಕರದ್ರ ಅಜ್ಜಿ ಸೀರಿ ಹಿಂದ ಹೋಗಿ ನಿಂತಿ. ಯಾರು ಬಂದಾರ ನೋಡೋ ಅಂದ್ಲು ಅಜ್ಜಿ. 'ಟೀಚರು' ಅಂದಿ."

ಇದನ್ನು ನಾನು ಇಲ್ಲಿಯವರೆಗೆ ಕೇಳಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ನಗಬೇಕೋ ಏನು ಮಾಡಬೇಕೋ ತಿಳಿಯದೆ ಮಗನ ಮೂಗು ಒರೆಸಿದೆ. ನನ್ನ ಲೆಕ್ಕದಲ್ಲಿ ಆ ಮೂರೂವರೆ ವರ್ಷಕ್ಕೆ ಯಾರೂ ಏನೂ ಬೆಲೆ ಕೊಟ್ಟಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಅಮ್ಮನ ಹತ್ತಿರ ಆ ಒಂದು ಪದ ಇತ್ತು ಅಂತ ನನಗೇನು ಗೊತ್ತು.

"ಮತ್ತೆ ನೀನೇ ಕಳಿಸಿ ಅಂತೀಯಲ್ಲಮ್ಮಾ" ಅಂದೆ.

"ನಿಮ್ಮ ಒದ್ದಾಟ ನೋಡಲಾರದೆ ಅಂದೆ. ಮತ್ತ... ನನಗೂ ಒಂದು ಕೂಸು ಎರಡು ವರ್ಷ ಕೈಯಾಗ ಸಿಕ್ಕಂಗ ಆಗ್ತಿತ್ತು" ಅಂದರು. ಅಷ್ಟರಲ್ಲಿ ಅವನು ಗಾಡಿಯಿಂದ ಇಳಿಯಲು ಗಲಾಟೆ ಶುರು ಮಾಡಿದ. ಇಳಿಸಿದರೆ ನೇರ ದೀಪದ ಕಂಬದ ಹತ್ತಿರ ಹೋಗಿ ಅದನ್ನು ತಬ್ಬಿಕೊಂಡು ನಿಂತ. ನಂಬರೇನೂ ಓದಲಿಲ್ಲ, ನೆಕ್ಕಿದ.

ವಾಪಸು ರೈಲಿನಲ್ಲಿ ಎಲ್ಲರಿಗೂ ತೂಕಡಿಕೆ. ಲಂಡನ್ ಹತ್ತಿರ ಬಂದಾಗ ಅಮ್ಮ ಇದ್ದಕ್ಕಿದ್ದಂತೆ ಕೇಳಿದರು. "ಆ ಹುಡುಗ ಗೊಂಬಿ ಕಾಲು ನೆಟ್ಟಿದ್ನಲ್ಲ, ದಿನಾ ನೀರು ಹಾಕ್ತಿದ್ನೇನು?" ಪುಸ್ತಕದಲ್ಲಿ ಅದು ಇರಲಿಲ್ಲ. ಹಾಕಿರಬೇಕು ಅಂದೆ.

ಅಮ್ಮನ ಟಿಕೆಟ್ಟು ಹದಿನಾಲ್ಕನೇ ತಾರೀಖಿಗೆ, ಒಂದೇ ಸೀಟು. ಹೆಂಡತಿ ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ಕೇಳಿದ್ದಾಳೆ, ಶುಕ್ರವಾರ ಅವಳದು, ಸೋಮವಾರ ನನ್ನದು, ಉಳಿದ ಮೂರು ದಿನ ನರ್ಸರಿ. ಊರಿನ ಸಾಲದ ಕಂತು ಇನ್ನೆರಡು ವರ್ಷ ಹೆಚ್ಚಿಗೆ ಎಳೆಯುತ್ತದೆ. ಲೆಕ್ಕ ಇನ್ನೂ ಪೂರ್ತಿ ಕೂಡಿಬಂದಿಲ್ಲ, ಸ್ಪ್ರೆಡ್‌ಶೀಟಿನ ಕೊನೆಯ ಸಾಲು ಕೆಂಪಾಗೇ ಇದೆ. ನಿಮ್ಮಲ್ಲಿ ಕೂಸನ್ನು ಊರಿಗೆ ಕಳಿಸಿದವರು ಇದ್ದರೆ ನಾನು ನಿಮ್ಮ ಮೇಲೆ ಏನೋ ಹೇಳಿದೆ ಅಂತ ದಯವಿಟ್ಟು ತಿಳಿಯಬೇಡಿ. ನಮ್ಮಮ್ಮ ಕಳಿಸಿದವರು, ನಾನು ಹೋದವನು, ಇಬ್ಬರೂ ಚೆನ್ನಾಗಿಯೇ ಇದ್ದೇವೆ. ನಿಮ್ಮ ಮನೆಯಲ್ಲಿ ಹ್ಯಾಗಾಯಿತು ಅಂತ ಬರೆದರೆ ಓದುವ ಆಸೆ.

ಎದ್ದ ಅನ್ನಿಸುತ್ತೆ. ಮತ್ತೆ ಸಿಗೋಣ.